ನೋಡದೆಯೂ ಕೊಳ್ಳುವಂತಿದೆಯೇ ನಿಮ್ಮ ವೆಬ್ ಅಂಗಡಿ?

ಇಳಕಲ್ ಸೀರೆ ಮಾರುವ ವೆಬ್‌ಸೈಟೊಂದಿದೆ ಎಂದುಕೊಳ್ಳಿ. ಫೋಟೊಗಳು ಚೆನ್ನಾಗಿವೆ, ಬೆಲೆ ನ್ಯಾಯವಾಗಿದೆ, ಊರೂರಿಗೆ ಕಳಿಸುವ ವ್ಯವಸ್ಥೆಯೂ ಇದೆ. ಕಣ್ಣು ಕಾಣದ ಗ್ರಾಹಕಿಯೊಬ್ಬರು ಮೊಬೈಲಿನ ಟಾಕ್‌ಬ್ಯಾಕ್ (ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್) ಆನ್ ಮಾಡಿಕೊಂಡು ಅಲ್ಲಿಗೆ ಬರುತ್ತಾರೆ. ಬೆರಳು ಸರಿಸಿದಂತೆಲ್ಲ ಫೋನು ಓದುತ್ತದೆ: ‘ಐಎಂಜಿ 4471, ಇಮೇಜ್’, ‘ಐಎಂಜಿ 4472, ಇಮೇಜ್’, ‘ಅನ್‌ಲೇಬಲ್ಡ್ ಬಟನ್’, ಮತ್ತೊಮ್ಮೆ ‘ಅನ್‌ಲೇಬಲ್ಡ್ ಬಟನ್’. ಯಾವುದು ಸೀರೆ, ಕೊಳ್ಳುವ ಗುಂಡಿ ಯಾವುದು? ಅವರ ಕೈಯಲ್ಲಿ ಹಣವಿದೆ, ಕೊಳ್ಳುವ ಮನಸ್ಸೂ ಇದೆ. ಸ್ವಲ್ಪ ತಡಕಾಡಿ ಬೇರೆ ಸೈಟಿಗೆ ಹೋಗುತ್ತಾರೆ. ಯಾರೂ ದೂರು ಕೊಡುವುದಿಲ್ಲ. ಮಾಲೀಕರ ಲೆಕ್ಕದ ಪುಸ್ತಕದಲ್ಲಿ ಈ ನಷ್ಟ ಎಲ್ಲೂ ಕಾಣುವುದೂ ಇಲ್ಲ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರಿದ್ದರು. ಚಾಳೀಸು ದಾಟಿ ಅಕ್ಷರ ಮಸುಕಾದವರು, ಕೈ ನಡುಗುವ ಹಿರಿಯರು, ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡವರು ಈ ಲೆಕ್ಕದಲ್ಲಿಲ್ಲ. ಅವರೂ ಗ್ರಾಹಕರೇ. ಹಾಗೆಂದು ಇಂಥ ಕೊರತೆ ಕನ್ನಡದ ಸಣ್ಣ ಅಂಗಡಿಗಳದಷ್ಟೇ ಅಲ್ಲ. ಅಮೆರಿಕದ ಯೂಟಾ ಸ್ಟೇಟ್ ವಿಶ್ವವಿದ್ಯಾಲಯದ ವೆಬ್‌ಏಮ್ ಸಂಸ್ಥೆ ಪ್ರತಿವರ್ಷ ಜಗತ್ತಿನ ಹತ್ತು ಲಕ್ಷ ಪ್ರಮುಖ ಮುಖಪುಟಗಳನ್ನು ಯಂತ್ರದಿಂದ ಪರೀಕ್ಷಿಸುತ್ತದೆ. 2025ರಲ್ಲಿ ಶೇ 94.8ರಷ್ಟು ಪುಟಗಳಲ್ಲಿ ತಪ್ಪುಗಳು ಸಿಕ್ಕವು. ಸಮಾಧಾನದ ಸಂಗತಿಯೆಂದರೆ, ಆ ತಪ್ಪುಗಳಲ್ಲಿ ಶೇ 96ರಷ್ಟು ಆರೇ ಬಗೆಯವು: ಮಸುಕು ಅಕ್ಷರ, ವಿವರಣೆಯಿಲ್ಲದ ಚಿತ್ರ, ಹೆಸರಿಲ್ಲದ ಫಾರಂ ಖಾನೆ, ಖಾಲಿ ಲಿಂಕ್, ಖಾಲಿ ಗುಂಡಿ, ಭಾಷೆ ಸೂಚಿಸದ ಪುಟ. ಆರನ್ನೂ ಹೊಸ ವೆಬ್‌ಸೈಟ್ ಕಟ್ಟಿಸದೆಯೇ ಸರಿಪಡಿಸಬಹುದು.

ಕಾನೂನು ಏನು ಹೇಳುತ್ತದೆ

‘ನಮ್ಮದು ಖಾಸಗಿ ವ್ಯಾಪಾರ, ಇದೆಲ್ಲ ಸರ್ಕಾರಿ ಸೈಟುಗಳಿಗೆ’ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ತಪ್ಪು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 46ನೇ ಕಲಮು ಸೇವೆ ಒದಗಿಸುವವರು ಸರ್ಕಾರದವರಾಗಲಿ ಖಾಸಗಿಯವರಾಗಲಿ, ಸೇವೆ ಎಲ್ಲರಿಗೂ ಎಟುಕುವಂತಿರಬೇಕು ಎನ್ನುತ್ತದೆ. ಬೆಂಗಳೂರಿನ ಪ್ರ್ಯಾಕ್ಟೊ ಕಂಪನಿಯ ಆ್ಯಪ್ ಸ್ಕ್ರೀನ್ ರೀಡರ್‌ನಲ್ಲಿ ಬಳಸಲು ಬರುತ್ತಿಲ್ಲವೆಂದು ಅಂಧ ವಕೀಲ ರಾಹುಲ್ ಬಜಾಜ್ ಅಂಗವಿಕಲರ ಮುಖ್ಯ ಆಯುಕ್ತರಿಗೆ ದೂರು ಕೊಟ್ಟಾಗ, ಈ ಕಲಮು ಖಾಸಗಿಯವರಿಗೂ ಅನ್ವಯಿಸುತ್ತದೆ ಎಂಬುದು ಸ್ಪಷ್ಟವಾಯಿತು. ಕಾಯ್ದೆ ಉಲ್ಲಂಘನೆಗೆ ಮೊದಲ ಬಾರಿ 10,000 ರೂಪಾಯಿವರೆಗೆ, ಮರುಕಳಿಸಿದರೆ 50,000ದಿಂದ 5 ಲಕ್ಷ ರೂಪಾಯಿವರೆಗೆ ದಂಡವಿದೆ. 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಡಿಜಿಟಲ್ ಸೇವೆ ಎಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು. ಆ್ಯಸಿಡ್ ದಾಳಿಗೆ ಒಳಗಾದವರು ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಲಾಗದೆ ಕೆವೈಸಿಯಲ್ಲಿ ಸಿಕ್ಕಿಬೀಳುತ್ತಿದ್ದದ್ದು ಆ ಪ್ರಕರಣದ ಮೂಲ.

ತಾಂತ್ರಿಕ ಅಳತೆಗೋಲು ಎರಡು. ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂನ ಡಬ್ಲ್ಯುಸಿಎಜಿ ಒಂದು, ಅದರ 2.2ನೇ ಆವೃತ್ತಿ ಬಂದದ್ದು 2023ರ ಅಕ್ಟೋಬರ್‌ನಲ್ಲಿ. ಭಾರತೀಯ ಮಾನಕ ಐಎಸ್ 17802 ಇನ್ನೊಂದು. ಡೆವಲಪರ್ ಜತೆ ಮಾತನಾಡುವಾಗ ‘ಡಬ್ಲ್ಯುಸಿಎಜಿ ಡಬಲ್ ಎ ಮಟ್ಟ’ ಎಂದರೆ ಸಾಕು, ಅವರಿಗೆ ತಿಳಿಯುತ್ತದೆ. ತಿಳಿಯದಿದ್ದರೆ ಬೇರೆ ಡೆವಲಪರ್ ಹುಡುಕುವುದು ಒಳ್ಳೆಯದು.

ಸ್ಕ್ರೀನ್ ರೀಡರ್ ಓದುವುದು ಏನನ್ನು?

ಮುಂದಿನ ಹೆಜ್ಜೆಗಳಿಗೆಲ್ಲ ಇದೇ ತಳಹದಿ. ಸ್ಕ್ರೀನ್ ರೀಡರ್ ಪರದೆಯ ಚಿತ್ರವನ್ನು ನೋಡುವುದಿಲ್ಲ. ಪುಟದ ಹಿಂದಿರುವ ಎಚ್‌ಟಿಎಂಎಲ್‌ನಿಂದ ಬ್ರೌಸರ್ ಒಂದು ಪಟ್ಟಿ ತಯಾರಿಸುತ್ತದೆ: ಇದು ಶೀರ್ಷಿಕೆ, ಇದು ಲಿಂಕ್, ಇದು ಗುಂಡಿ, ಇದರ ಹೆಸರು ಇದು, ಈಗ ಒತ್ತಿದೆಯೋ ಇಲ್ಲವೋ. ಓದುವುದು ಆ ಪಟ್ಟಿಯನ್ನು. ವಿಂಡೋಸ್‌ನ ಉಚಿತ ಎನ್‌ವಿಡಿಎ, ಹಣ ಕೊಟ್ಟು ಕೊಳ್ಳುವ ಜಾಸ್, ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್, ಆಪಲ್‌ನ ವಾಯ್ಸ್‌ಓವರ್ ಎಲ್ಲದರ ಬಗೆಯೂ ಇದೇ. ಎನ್‌ವಿಡಿಎ ಕಟ್ಟಲು ಹೊರಟ ಆಸ್ಟ್ರೇಲಿಯಾದ ಮೈಕೆಲ್ ಕರನ್ ಮತ್ತು ಜೇಮ್ಸ್ ಟೆಹ್ ಇಬ್ಬರೂ ಅಂಧರು ಎಂಬುದನ್ನು ಇಲ್ಲಿ ನೆನೆಯಬೇಕು.

ಈಗ ಒಂದು ಸಾಮಾನ್ಯ ಎಡವಟ್ಟು ನೋಡಿ. ಡೆವಲಪರ್ ಒಂದು ಬರೀ ಚೌಕಕ್ಕೆ ಬಣ್ಣ ಹಾಕಿ, ಮೂಲೆ ದುಂಡಗೆ ಮಾಡಿ, ‘ಕೊಳ್ಳಿ’ ಎಂದು ಬರೆದು, ಮೌಸ್ ಒತ್ತಿದರೆ ಕೆಲಸ ಮಾಡುವಂತೆ ಮಾಡಿರುತ್ತಾರೆ. ಕಣ್ಣಿಗೆ ಅದು ಗುಂಡಿ. ಬ್ರೌಸರ್‌ನ ಪಟ್ಟಿಯಲ್ಲಿ ಅದು ಬರೀ ಅಕ್ಷರ. ಟ್ಯಾಬ್ ಕೀಲಿ ಅದರ ಮೇಲೆ ನಿಲ್ಲುವುದಿಲ್ಲ, ಎಂಟರ್ ಒತ್ತಿದರೆ ಏನೂ ಆಗುವುದಿಲ್ಲ. ಗೋಡೆಯ ಮೇಲೆ ಬಾಗಿಲಿನ ಚಿತ್ರ ಬಿಡಿಸಿಟ್ಟಂತೆ. ಎಚ್‌ಟಿಎಂಎಲ್‌ನಲ್ಲಿ ಬಟನ್ ಎಂಬ ಟ್ಯಾಗ್ ಮೊದಲೇ ಇದೆ. ಅದನ್ನು ಬಳಸಿದರೆ ಇಷ್ಟೂ ಗುಣಗಳು ಪುಕ್ಕಟೆ ಬರುತ್ತವೆ. ಅಕ್ಸೆಸಿಬಿಲಿಟಿ (ಎಲ್ಲರಿಗೂ ಎಟುಕುವಂತಿರುವುದು) ಎಂದರೆ ಹೊಸದೇನನ್ನೋ ಸೇರಿಸುವುದು ಎಂದು ಹೆದರುವವರಿಗೆ ಹೇಳಬೇಕಾದ್ದು ಇದನ್ನೇ: ಹೆಚ್ಚಿನ ಕೆಲಸ ಇದ್ದ ಟ್ಯಾಗನ್ನು ಇದ್ದ ಹಾಗೆ ಬಳಸುವುದರಲ್ಲಿ ಮುಗಿಯುತ್ತದೆ.

ಮೊದಲು ಕೊಳ್ಳುವ ದಾರಿ

ನೂರಾರು ಪುಟಗಳಿದ್ದರೆ ಎಲ್ಲಿಂದ ಶುರು ಮಾಡುವುದು? ‘ನಮ್ಮ ಬಗ್ಗೆ’ ಪುಟದಿಂದ ಖಂಡಿತ ಬೇಡ. ಗ್ರಾಹಕರು ಸರಕು ಹುಡುಕಿ, ಆರಿಸಿ, ವಿಳಾಸ ತುಂಬಿ, ಹಣ ಕಟ್ಟಿ, ರಸೀದಿ ಪಡೆಯುವ ಒಂದೇ ದಾರಿಯನ್ನು ಹಿಡಿಯಿರಿ. ಹೋಂಸ್ಟೇ ಆದರೆ ಕೋಣೆ ಕಾಯ್ದಿರಿಸುವ ದಾರಿ, ಕ್ಲಿನಿಕ್ ಆದರೆ ವೈದ್ಯರ ಸಮಯ ಪಡೆಯುವ ದಾರಿ. ಉಳಿದದ್ದೆಲ್ಲ ಸರಿಯಿದ್ದು ಕೊನೆಯ ಪುಟದ ‘ಪಾವತಿಸಿ’ ಗುಂಡಿ ಒಂದು ಕೈಕೊಟ್ಟರೂ ವ್ಯಾಪಾರ ಅಲ್ಲಿಗೇ ನಿಂತಿತು. ಅಮೆರಿಕದಲ್ಲಿ ಗಿಯೆರ್ಮೊ ರೋಬ್ಲೆಸ್ ಎಂಬ ಅಂಧ ಗ್ರಾಹಕ ಡಾಮಿನೋಸ್ ವಿರುದ್ಧ 2016ರಲ್ಲಿ ಹೂಡಿದ ಮೊಕದ್ದಮೆಯೂ ಸೈಟ್ ಮತ್ತು ಆ್ಯಪ್‌ನಲ್ಲಿ ಪಿಜ್ಜಾ ಆರ್ಡರ್ ಮಾಡಲಾಗಲಿಲ್ಲ ಎಂಬುದಕ್ಕೇ. 2019ರಲ್ಲಿ ಮೇಲ್ಮನವಿ ನ್ಯಾಯಾಲಯ ರೋಬ್ಲೆಸ್ ಪರ ನಿಂತಿತು; ಕಂಪನಿಯ ಅರ್ಜಿ ಕೈಗೆತ್ತಿಕೊಳ್ಳಲು ಅಲ್ಲಿನ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಕೊಳ್ಳುವ ದಾರಿಯನ್ನು ಸರಿಪಡಿಸುವ ಹೆಜ್ಜೆಗಳು ಇವು:

1. ಮೌಸ್ ಬದಿಗಿಡಿ. ಟ್ಯಾಬ್, ಎಂಟರ್, ಸ್ಪೇಸ್, ಬಾಣದ ಕೀಲಿಗಳಿಂದಲೇ ಒಂದು ಆರ್ಡರ್ ಮಾಡಿ ನೋಡಿ. ಈಗ ಯಾವ ಗುಂಡಿಯ ಮೇಲಿದ್ದೀರಿ ಎಂದು ತೋರಿಸುವ ಗೆರೆ ಸುತ್ತಲೂ ಕಾಣಬೇಕು. ‘ಅಂದಗೆಡಿಸುತ್ತದೆ’ ಎಂದು ಹಲವು ಡಿಸೈನರ್‌ಗಳು ಆ ಗೆರೆಯನ್ನು ಅಳಿಸಿಬಿಡುತ್ತಾರೆ, ಮರಳಿ ಹಾಕಿಸಿ. ರಿಯಾಯಿತಿಯ ಪಾಪ್‌ಅಪ್ ಬಂದರೆ ಎಸ್ಕೇಪ್ ಒತ್ತಿದಾಗ ಮುಚ್ಚಬೇಕು. ಕೈಗಳ ಹಿಡಿತ ಕಡಿಮೆ ಇರುವವರು, ಸ್ಕ್ರೀನ್ ರೀಡರ್ ಬಳಸುವವರು ಇಬ್ಬರೂ ಈ ದಾರಿಯಲ್ಲೇ ಬರುವುದರಿಂದ ಒಂದೇ ಪರೀಕ್ಷೆಯಲ್ಲಿ ಎರಡು ಬಗೆಯ ತೊಡಕು ಗೊತ್ತಾಗುತ್ತವೆ.

2. ಚಿಹ್ನೆಗಳಿಗೆ ಹೆಸರಿಡಿ. ಕೈಗಾಡಿ, ಹೃದಯ, ಭೂತಗನ್ನಡಿಯ ಚಿತ್ರಗಳು ಕಣ್ಣಿಗೆ ಅರ್ಥವಾಗುತ್ತವೆ, ಕಿವಿಗಲ್ಲ. ‘ಬುಟ್ಟಿ, 2 ಸೀರೆಗಳಿವೆ’ ಎಂದು ಕೇಳಿಸುವ ಹೆಸರು ಅವುಗಳ ಹಿಂದೆ ಇರಬೇಕು. ಬೆರಳಿಗೆ ಸಿಗುವಷ್ಟು ದೊಡ್ಡವೂ ಆಗಿರಲಿ. 24 ಪಿಕ್ಸೆಲ್ ಉದ್ದ, ಅಷ್ಟೇ ಅಗಲ ಎಂಬುದು ಕನಿಷ್ಠ ಮಿತಿ.

3. ಚಿತ್ರಕ್ಕೆ ಮಾತು ಕೊಡಿ. ಪ್ರತಿ ಚಿತ್ರದ ಹಿಂದೆ ಆಲ್ಟ್ ಎಂಬ ಖಾನೆಯಿದೆ. ಅಲ್ಲಿ ‘ಸೀರೆ ಫೋಟೊ’ ಎಂದು ಬರೆದರೆ ಬರೆಯದಿದ್ದಷ್ಟೇ ಲಾಭ. ‘ಸುಂದರ ಸಾಂಪ್ರದಾಯಿಕ ಸೀರೆ ಉತ್ತಮ ಬೆಲೆ ಆಫರ್’ ಎಂದು ಗೂಗಲ್‌ಗಾಗಿ ತುರುಕುವುದು ಅದಕ್ಕಿಂತ ಕೆಟ್ಟದ್ದು. ಅಂಗಡಿಯಲ್ಲಿ ಫೋನಿನ ಆ ಕಡೆಯಿಂದ ಒಬ್ಬರು ‘ಹೆಂಗದ ಸೀರಿ?’ ಎಂದು ಕೇಳಿದರೆ ಏನು ಹೇಳುವಿರೋ ಅದನ್ನೇ ಬರೆಯಿರಿ: ‘ದಾಳಿಂಬೆ ಕೆಂಪು ಒಡಲು, ಚಿಕ್ಕಿ ಪರಾಸ್ ದಡಿ, ತೋಪ ತೆನೆ ಸೆರಗು’. ಹುಟ್ಟಿನಿಂದ ಕಣ್ಣು ಕಾಣದವರಿಗೆ ಬಣ್ಣ ಹೇಳಿ ಪ್ರಯೋಜನವೇನು ಎಂದು ಕೇಳುವವರಿದ್ದಾರೆ. ಉಡುವವರು ತಾವು ಏನು ಉಟ್ಟಿದ್ದೇವೆ, ಮದುವೆಗೆ ಅದು ಒಪ್ಪುತ್ತದೆಯೇ, ಯಾವ ಕುಪ್ಪಸ ಹೊಂದುತ್ತದೆ ಎಂದು ತಿಳಿಯಬಯಸುತ್ತಾರೆ, ಅಷ್ಟು ಸಾಕು. ಬರೀ ಅಲಂಕಾರದ ಬಳ್ಳಿ, ಗೆರೆಗಳಿಗೆ ಮಾತ್ರ ಆಲ್ಟ್ ಖಾನೆಯನ್ನು ಖಾಲಿ ಬಿಡಿ. ಆಗ ಸ್ಕ್ರೀನ್ ರೀಡರ್ ಅವನ್ನು ದಾಟಿ ಹೋಗುತ್ತದೆ.

4. ಶೀರ್ಷಿಕೆಗಳು ನಿಜವಾದ ಶೀರ್ಷಿಕೆಗಳಾಗಿರಲಿ. ಸ್ಕ್ರೀನ್ ರೀಡರ್ ಬಳಸುವವರು ಉದ್ದನೆಯ ಪುಟವನ್ನು ಮೊದಲಿಂದ ಕಡೆತನಕ ಕೇಳುತ್ತ ಕೂರುವುದಿಲ್ಲ. ಎನ್‌ವಿಡಿಎಯಲ್ಲಿ ಎಚ್ ಕೀಲಿ ಒತ್ತಿ ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರುತ್ತಾರೆ. ಅಕ್ಷರ ದೊಡ್ಡದು ಮಾಡಿ ದಪ್ಪ ಮಾಡಿದ ಮಾತ್ರಕ್ಕೆ ಅದು ಶೀರ್ಷಿಕೆ ಆಗದು. ಎಡಿಟರ್‌ನಲ್ಲಿ ಹೆಡಿಂಗ್ 2, ಹೆಡಿಂಗ್ 3 ಎಂದು ಆರಿಸಬೇಕು.

5. ಫಾರಂನ ಖಾನೆಗಳು. ಆರ್ಡರ್‌ಗಳು ಹೆಚ್ಚಾಗಿ ಮುರಿದುಬೀಳುವುದು ಇಲ್ಲೇ. ಖಾನೆಯೊಳಗೆ ತಿಳಿಬೂದು ಬಣ್ಣದಲ್ಲಿ ‘ಹೆಸರು’ ಎಂದು ಬರೆದಿರುತ್ತದೆ, ಟೈಪ್ ಮಾಡಲು ಶುರುವಿಟ್ಟೊಡನೆ ಮಾಯವಾಗುತ್ತದೆ. ಮರೆವಿನ ತೊಂದರೆ ಇರುವವರಿಗೆ ಅರ್ಧದಲ್ಲಿ ಏನು ತುಂಬುತ್ತಿದ್ದೆವು ಎಂದೇ ತಿಳಿಯುವುದಿಲ್ಲ. ಖಾನೆಯ ಮೇಲೆ ಸದಾ ಕಾಣುವ ಲೇಬಲ್ ಇರಲಿ, ಅದು ಕೋಡ್‌ನಲ್ಲೂ ಆ ಖಾನೆಗೆ ಜೋಡಣೆಯಾಗಿರಲಿ. ತಪ್ಪಾದಾಗ ಖಾನೆ ಕೆಂಪಾದರೆ ಸಾಲದು. ಕೆಂಪು–ಹಸಿರು ಬೇರ್ಪಡಿಸಲಾಗದವರಿಗೂ ಕಣ್ಣು ಕಾಣದವರಿಗೂ ಅದು ತಿಳಿಯುವುದಿಲ್ಲ. ‘ಪಿನ್‌ಕೋಡ್‌ಗೆ 6 ಅಂಕಿ ಬೇಕು, ನೀವು 5 ಬರೆದಿದ್ದೀರಿ’ ಎಂದು ಅಕ್ಷರದಲ್ಲೇ ಹೇಳಿ. ತಪ್ಪು ತಿದ್ದಲು ಹೊರಟವರ ಮಿಕ್ಕ ಖಾನೆಗಳನ್ನೆಲ್ಲ ಖಾಲಿ ಮಾಡುವ ಸೈಟುಗಳೂ ಇವೆ. ಅದು ಯಾರಿಗೂ ಸಹ್ಯವಲ್ಲ.

6. ಹಣ ಕಟ್ಟುವ ಜಾಗ. ಕ್ಯೂಆರ್ ಕೋಡ್ ಒಂದನ್ನೇ ತೋರಿಸಿ ‘ಸ್ಕ್ಯಾನ್ ಮಾಡಿ’ ಎನ್ನಬೇಡಿ. ಅದೇ ಮೊಬೈಲಿನಲ್ಲಿ ಕೊಳ್ಳುತ್ತಿರುವವರು ತಮ್ಮದೇ ಪರದೆಯನ್ನು ಹೇಗೆ ಸ್ಕ್ಯಾನ್ ಮಾಡಬೇಕು? ಯುಪಿಐ ಐಡಿಯನ್ನು ನಕಲಿಸಿಕೊಳ್ಳಲು ಬರುವ ಅಕ್ಷರದಲ್ಲಿ ಕೊಡಿ, ಯುಪಿಐ ಆ್ಯಪ್ ತೆರೆಯುವ ಗುಂಡಿಯನ್ನೂ ಇಡಿ. ಒಟಿಪಿಗೆ ಸಮಯದ ಮಿತಿಯಿದ್ದರೆ ಮತ್ತೊಂದು ಕೇಳಲು ಅವಕಾಶವಿರಲಿ, ಪೇಸ್ಟ್ ಮಾಡುವುದನ್ನು ತಡೆಯಬೇಡಿ. ಸೊಟ್ಟ ಅಕ್ಷರಗಳ ಕ್ಯಾಪ್ಚಾ ನಿಮ್ಮ ಅಂಗಡಿಗೆ ನಿಜಕ್ಕೂ ಬೇಕೇ ಎಂದು ಒಮ್ಮೆ ಕೇಳಿಕೊಳ್ಳಿ. ಪೇಮೆಂಟ್ ಗೇಟ್‌ವೇ ಬೇರೆ ಕಂಪನಿಯದಾಗಿದ್ದರೆ ಅವರ ಪುಟವನ್ನು ಒಪ್ಪಂದಕ್ಕೆ ಮೊದಲೇ ಟಾಕ್‌ಬ್ಯಾಕ್‌ನಲ್ಲಿ ಪರೀಕ್ಷಿಸಿ.

7. ಬಣ್ಣದ ಅಂತರ. ಸೀರೆ, ಒಡವೆ ಅಂಗಡಿಗಳಿಗೆ ಚಿನ್ನದ ಬಣ್ಣದ ಅಕ್ಷರದ ಮೋಹ ಜಾಸ್ತಿ. ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1, ದೊಡ್ಡ ಅಕ್ಷರಕ್ಕೆ 3:1 ಅಂತರ ಬೇಕು. ಬಿಳಿಯ ಮೇಲೆ ಕಪ್ಪು 21:1. ಬಿಳಿಯ ಮೇಲೆ ಚಿನ್ನದ ಬಣ್ಣ ಹೆಚ್ಚೂಕಡಿಮೆ 2:1. ಲೋಗೊಗೆ ಈ ನಿಯಮವಿಲ್ಲ. ಅಲ್ಲಿ ಚಿನ್ನ ಹೊಳೆಯಲಿ, ಬೆಲೆ ಮಾತ್ರ ಕಡುಬಣ್ಣದಲ್ಲಿರಲಿ.

8. ಕಿವಿ ಕೇಳದವರಿಗೆ. ‘ಬೆಲೆಗೆ ಕರೆ ಮಾಡಿ’ ಎಂಬ ಒಂದು ಸಾಲು ಅವರನ್ನು ಅಲ್ಲೇ ತಡೆಯುತ್ತದೆ. ಫೋನ್ ನಂಬರ್ ಪಕ್ಕದಲ್ಲೇ ವಾಟ್ಸ್‌ಆ್ಯಪ್, ಇಮೇಲ್ ಇರಲಿ. ವಿಡಿಯೊಗಳಿಗೆ ಕ್ಯಾಪ್ಷನ್ ಹಾಕಿ. ಯಂತ್ರ ತಾನಾಗಿ ಬರೆದುಕೊಟ್ಟದ್ದನ್ನು ಓದಿ ತಿದ್ದದೆ ಬಿಡಬೇಡಿ. ಸಂಜ್ಞಾಭಾಷೆಯೇ ಮೊದಲ ಭಾಷೆಯಾದವರಿಗೆ ಬರಹದ ಕನ್ನಡ ಎರಡನೆಯದು. ವಾಪಸಾತಿಯ ನಿಯಮಗಳನ್ನು ಚಿಕ್ಕ ವಾಕ್ಯಗಳಲ್ಲಿ ಬರೆದರೆ ಅವರಿಗೂ ಅನುಕೂಲ, ಉಳಿದವರಿಗೂ ಅನುಕೂಲ.

ಕನ್ನಡದ ಸೈಟಿಗೇ ವಿಶೇಷವಾದ ತೊಡಕುಗಳು

ಇಂಗ್ಲಿಷಿನ ಕೈಪಿಡಿಗಳಲ್ಲಿ ಇವುಗಳಲ್ಲಿ ಕೆಲವು ಸಿಗುವುದಿಲ್ಲ. ಮೊದಲನೆಯದು ಹಳೆಯ ನುಡಿ, ಬರಹ ಫಾಂಟುಗಳು. ಅವುಗಳಲ್ಲಿ ಪರದೆಯ ಮೇಲೆ ಕನ್ನಡ ಕಂಡರೂ ಕಂಪ್ಯೂಟರಿನೊಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಸ್ಕ್ರೀನ್ ರೀಡರ್ ಓದುವುದು ಆ ಅರ್ಥವಿಲ್ಲದ ಸಾಲನ್ನೇ; ಗೂಗಲ್ ಹುಡುಕಾಟಕ್ಕೂ ಅದು ಸಿಗದು. ಪರೀಕ್ಷೆ ಸುಲಭ: ಪುಟದ ಒಂದು ಸಾಲನ್ನು ನಕಲಿಸಿ ವಾಟ್ಸ್‌ಆ್ಯಪ್‌ನಲ್ಲಿ ಪೇಸ್ಟ್ ಮಾಡಿ. ಕನ್ನಡವಾಗಿಯೇ ಉಳಿದರೆ ಯುನಿಕೋಡ್, ಚಿತ್ರವಿಚಿತ್ರ ಚಿಹ್ನೆಗಳಾದರೆ ಹಳೆಯ ಫಾಂಟ್. ಬದಲಾಯಿಸುವ ಪರಿವರ್ತಕಗಳಿವೆ, ಆದರೆ ಅರ್ಕಾವತ್ತು, ಒತ್ತಕ್ಷರಗಳಲ್ಲಿ ಅವು ಎಡವುತ್ತವೆ. ಒಮ್ಮೆ ಕಣ್ಣಾಡಿಸಿ. ಡಿಟಿಪಿಯವರು ಮಾಡಿಕೊಟ್ಟ ದರಪಟ್ಟಿಯ ಪಿಡಿಎಫ್‌ಗಳನ್ನು ಮರೆಯಬೇಡಿ, ಹಳೆಯ ಫಾಂಟು ಹೆಚ್ಚಾಗಿ ಉಳಿದಿರುವುದು ಅಲ್ಲೇ.

ಎರಡನೆಯದು ಪೋಸ್ಟರ್. ವರಮಹಾಲಕ್ಷ್ಮಿ ಹಬ್ಬಕ್ಕೆ, ದೀಪಾವಳಿಗೆ ರಿಯಾಯಿತಿಯ ವಿವರವನ್ನೆಲ್ಲ ಒಂದೇ ಚಿತ್ರದಲ್ಲಿ ಬರೆಸಿ ಮುಖಪುಟಕ್ಕೆ ಹಾಕುವುದು ರೂಢಿ. ಎಷ್ಟು ರಿಯಾಯಿತಿ, ಯಾವ ತಾರೀಖಿನವರೆಗೆ ಎಂಬುದು ಚಿತ್ರದೊಳಗೆ ಸೆರೆಯಾಗಿರುತ್ತದೆ. ಚಿತ್ರ ಇರಲಿ, ಅದೇ ಮಾತು ಕೆಳಗೆ ಅಕ್ಷರದಲ್ಲೂ ಇರಲಿ.

ಮೂರನೆಯದು ಭಾಷೆಯ ಸೂಚನೆ. ಸಿದ್ಧ ಟೆಂಪ್ಲೇಟ್ ಕೊಂಡಾಗ ಪುಟದ ಭಾಷೆ ಇಂಗ್ಲಿಷ್ ಎಂದೇ ನಮೂದಾಗಿರುತ್ತದೆ. ಆಗ ಸ್ಕ್ರೀನ್ ರೀಡರ್ ಇಂಗ್ಲಿಷ್ ಧ್ವನಿಯಲ್ಲಿ ಕನ್ನಡ ಓದಲು ಹೊರಟು ಗೊಂದಲವಾಗುತ್ತದೆ. ವರ್ಡ್‌ಪ್ರೆಸ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಸೈಟಿನ ಭಾಷೆಯನ್ನು ಕನ್ನಡ ಎಂದು ಆರಿಸಿದರಾಯಿತು. ಪುಟದಲ್ಲಿ ಇಂಗ್ಲಿಷ್ ಪ್ಯಾರಾ ಬಂದರೆ ಅದಕ್ಕೆ ಮಾತ್ರ ಪ್ರತ್ಯೇಕ ಸೂಚನೆ ಕೊಡಿಸಿ.

ನಮ್ಮ ಲಿಪಿಯಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ ಎಂಬುದನ್ನೂ ಇಂಗ್ಲಿಷ್ ಟೆಂಪ್ಲೇಟ್ ಮಾಡಿದವರು ಯೋಚಿಸಿರುವುದಿಲ್ಲ. ಬ್ರೌಸರ್‌ನಲ್ಲಿ ಪುಟವನ್ನು ಶೇ 200ಕ್ಕೆ ಹಿಗ್ಗಿಸಿ ನೋಡಿ. ಗುಂಡಿಯೊಳಗಿನ ‘ಕೊಳ್ಳಿ’ಯ ಒತ್ತು ಅರ್ಧಕ್ಕೆ ಕತ್ತರಿಸಿದ್ದರೆ ಸಾಲಿನ ಎತ್ತರ ಹೆಚ್ಚಿಸಲು ಹೇಳಿ; ಅಕ್ಷರದ ಗಾತ್ರದ ಒಂದೂವರೆ ಪಟ್ಟು ಇದ್ದರೆ ಓದಲು ಹಾಯಾಗಿರುತ್ತದೆ.

ಪದೇಪದೇ ಆಗುವ ತಪ್ಪುಗಳು

‘ಒಂದು ಸಾಲು ಕೋಡ್ ಹಾಕಿ, ಸೈಟ್ ಪೂರ್ತಿ ಅಕ್ಸೆಸಿಬಲ್’ ಎಂದು ಮಾರುವ ಓವರ್‌ಲೇ ವಿಜೆಟ್‌ಗಳನ್ನು ನಂಬಬೇಡಿ. ಮೂಲೆಯಲ್ಲಿ ವೀಲ್‌ಚೇರ್‌ನದೋ ಮನುಷ್ಯನದೋ ಚಿಹ್ನೆ ಬರುತ್ತದೆ, ಒತ್ತಿದರೆ ಅಕ್ಷರ ದೊಡ್ಡದಾಗುತ್ತದೆ. ಅಕ್ಷರ ದೊಡ್ಡದು ಮಾಡುವ ಸೌಲಭ್ಯ ಬಳಕೆದಾರರ ಫೋನಿನಲ್ಲೇ ಇದೆ. ಹೆಸರಿಲ್ಲದ ಗುಂಡಿ ಹೆಸರಿಲ್ಲದೆಯೇ ಉಳಿಯುತ್ತದೆ. ಇಂಥ ವಿಜೆಟ್ ಯಾವ ಸೈಟನ್ನಾದರೂ ಮಾನಕಕ್ಕೆ ಹೊಂದಿಸುತ್ತದೆ ಎಂದು ಜಾಹೀರಾತು ಮಾಡಿದ ಆ್ಯಕ್ಸೆಸಿಬಿ ಕಂಪನಿಗೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ 10 ಲಕ್ಷ ಡಾಲರ್ ಕಟ್ಟಲು ಹೇಳಿತು.

ತಾನಾಗಿ ಓಡುವ ಚಿತ್ರಗಳ ಸ್ಲೈಡರ್ ಇನ್ನೊಂದು. ನಿಧಾನ ಓದುವವರು ಸಾಲು ಮುಗಿಸುವಷ್ಟರಲ್ಲಿ ಮುಂದಿನ ಚಿತ್ರ ಬಂದಿರುತ್ತದೆ. ಮಾಲೀಕರನ್ನು ಬಿಟ್ಟರೆ ಅದು ಬೇಕೆನ್ನುವವರು ಅಪರೂಪ. ತೆಗೆಯಲು ಮನಸ್ಸು ಬಾರದಿದ್ದರೆ ನಿಲ್ಲಿಸುವ ಗುಂಡಿಯನ್ನಾದರೂ ಕೊಡಿ. ‘ಇಲ್ಲಿ ಒತ್ತಿ’, ‘ಇನ್ನಷ್ಟು’ ಎಂಬ ಲಿಂಕುಗಳೂ ಹಾಗೆಯೇ: ಲಿಂಕುಗಳ ಪಟ್ಟಿ ತೆರೆದವರಿಗೆ ಹತ್ತು ಬಾರಿ ‘ಇಲ್ಲಿ ಒತ್ತಿ’ ಎಂದು ಕೇಳಿಸುತ್ತದೆ. ‘ಸೀರೆ ವಾಪಸು ಮಾಡುವ ವಿಧಾನ’ ಎಂದೇ ಬರೆಯಿರಿ.

ಅಂಧರಿಗಾಗಿ ಬೇರೆಯೇ ಒಂದು ‘ಸರಳ ಆವೃತ್ತಿ’ ಮಾಡುವ ಯೋಚನೆಯೂ ಬೇಡ. ಮೂಲ ಸೈಟಿನಲ್ಲಿ ಬೆಲೆ ಬದಲಾಗುತ್ತದೆ, ಸರಳ ಆವೃತ್ತಿಯಲ್ಲಿ ಹಳೆಯದೇ ಉಳಿಯುತ್ತದೆ.

ಪರೀಕ್ಷೆ ಹೇಗೆ, ಯಾರಿಂದ?

ಕ್ರೋಮ್‌ನಲ್ಲೇ ಇರುವ ಲೈಟ್‌ಹೌಸ್, ವೆಬ್‌ಏಮ್‌ನ ವೇವ್, ಆ್ಯಕ್ಸ್ ಇವೆಲ್ಲ ಉಚಿತವಾಗಿ ತಪ್ಪು ಹುಡುಕಿಕೊಡುತ್ತವೆ. ಅವುಗಳಿಂದ ಶುರು ಮಾಡಿ, ಆದರೆ 100 ಅಂಕ ಬಂತೆಂದು ಹಿಗ್ಗಬೇಡಿ. 2017ರಲ್ಲಿ ಬ್ರಿಟನ್ ಸರ್ಕಾರದ ಡಿಜಿಟಲ್ ಸೇವಾ ತಂಡ ಬೇಕೆಂದೇ ತಪ್ಪುಗಳಿಂದ ತುಂಬಿದ ಪುಟವೊಂದನ್ನು ಕಟ್ಟಿ ಇಂಥ ಸಾಧನಗಳನ್ನು ಒರೆಗೆ ಹಚ್ಚಿತು. ಎಲ್ಲಕ್ಕಿಂತ ಚೆನ್ನಾಗಿ ಹುಡುಕಿದ್ದಕ್ಕೂ ಸಿಕ್ಕಿದ್ದು ಸುಮಾರು ಶೇ 40ರಷ್ಟು ತಪ್ಪುಗಳು ಮಾತ್ರ. ಆಲ್ಟ್ ಖಾನೆ ತುಂಬಿದೆಯೇ ಎಂದು ಯಂತ್ರ ಹೇಳಬಲ್ಲದು. ಕೆಂಪು ಸೀರೆಗೆ ‘ಹಸಿರು’ ಎಂದು ಬರೆದಿದ್ದರೆ ಅದು ಯಂತ್ರಕ್ಕೆ ಹೊಳೆಯುವುದು ಕಷ್ಟ.

ಮುಂದಿನದು ನಿಮ್ಮದೇ ಫೋನ್. ಆಂಡ್ರಾಯ್ಡ್‌ನ ಸೆಟ್ಟಿಂಗ್ಸ್‌ನಲ್ಲಿ ಅಕ್ಸೆಸಿಬಿಲಿಟಿ ವಿಭಾಗಕ್ಕೆ ಹೋಗಿ ಟಾಕ್‌ಬ್ಯಾಕ್ ಆನ್ ಮಾಡಿ. ಒಂದು ಎಚ್ಚರಿಕೆ: ಆನ್ ಆದ ಮೇಲೆ ಫೋನು ಎಂದಿನಂತೆ ವರ್ತಿಸುವುದಿಲ್ಲ. ಒಮ್ಮೆ ಮುಟ್ಟಿದರೆ ಓದುತ್ತದೆ, ಎರಡು ಬಾರಿ ತಟ್ಟಿದರೆ ತೆರೆಯುತ್ತದೆ, ಬಲಕ್ಕೆ ಸರಿಸಿದರೆ ಮುಂದಿನದಕ್ಕೆ ಹೋಗುತ್ತದೆ, ಪುಟ ಜರುಗಿಸಲು ಎರಡು ಬೆರಳು ಬೇಕು. ಆಫ್ ಮಾಡುವ ದಾರಿಯನ್ನು ಮೊದಲೇ ನೋಡಿಟ್ಟುಕೊಳ್ಳಿ. ಕನ್ನಡ ಧ್ವನಿಯನ್ನು ಟೆಕ್ಸ್ಟ್ ಟು ಸ್ಪೀಚ್ ಸೆಟ್ಟಿಂಗ್‌ನಲ್ಲಿ ಇಳಿಸಿಕೊಂಡಿರಿ.

ಆದರೂ ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಟಾಕ್‌ಬ್ಯಾಕ್ ಬಳಸಿದವರು ದಿನವೂ ಅದರಲ್ಲೇ ಬದುಕುವವರ ಅನುಭವ ಹೇಳಲಾರರು. ನುರಿತವರು ಹೊಸಬರಿಗೆ ಅರ್ಥವೇ ಆಗದಷ್ಟು ವೇಗದಲ್ಲಿ ಕೇಳಿಸಿಕೊಳ್ಳುತ್ತಾರೆ; ಅವರಿಗೆ ತೊಡಕಾಗುವ ಜಾಗಗಳೇ ಬೇರೆ. ಆದ್ದರಿಂದ ಕೊಳ್ಳುವ ದಾರಿಯನ್ನು ಇಬ್ಬರು ಮೂವರು ಅಂಗವಿಕಲ ಬಳಕೆದಾರರಿಂದ ಪರೀಕ್ಷೆ ಮಾಡಿಸಿ. ಮಿತ್ರಜ್ಯೋತಿ, ಸಮರ್ಥನಂ, ಎನೇಬಲ್ ಇಂಡಿಯಾದಂಥ ಬೆಂಗಳೂರಿನ ಸಂಸ್ಥೆಗಳ ಮೂಲಕ ಅಂಥವರನ್ನು ತಲುಪಲು ಪ್ರಯತ್ನಿಸಬಹುದು. ಇದು ಉಪಕಾರದ ಲೆಕ್ಕದಲ್ಲಿ ಮಾಡಿಸಿಕೊಳ್ಳುವ ಕೆಲಸವಲ್ಲ. ಡೆವಲಪರ್‌ಗೆ ಕೊಡುವಂತೆ ಅವರಿಗೂ ಸಂಭಾವನೆ ಕೊಡಿ.

ಹೊಸದಾಗಿ ಸೈಟ್ ಮಾಡಿಸುವವರಿಗೆ ಕೆಲಸ ಇನ್ನೂ ಹಗುರ. ಒಪ್ಪಂದದಲ್ಲೇ ಡಬ್ಲ್ಯುಸಿಎಜಿ ಡಬಲ್ ಎ ಮಟ್ಟ ಎಂದು ಬರೆಸಿ, ಕೀಬೋರ್ಡ್ ಮತ್ತು ಟಾಕ್‌ಬ್ಯಾಕ್‌ನಲ್ಲಿ ಆರ್ಡರ್ ಪೂರ್ತಿಯಾಗುವುದನ್ನು ಎದುರಿಗೇ ತೋರಿಸಿದ ಮೇಲೆ ಕೊನೆಯ ಕಂತು ಎಂಬ ಷರತ್ತು ಹಾಕಿ. ಯುರೋಪಿಗೆ ಆನ್‌ಲೈನ್‌ನಲ್ಲಿ ಮಾರುವವರಿಗೆ ಅಲ್ಲಿನ ಅಕ್ಸೆಸಿಬಿಲಿಟಿ ಕಾಯ್ದೆಯೂ 2025ರ ಜೂನ್ 28ರಿಂದ ಅನ್ವಯವಾಗುತ್ತಿದೆ. ಹತ್ತು ಜನಕ್ಕಿಂತ ಕಡಿಮೆ ಕೆಲಸಗಾರರಿದ್ದು, ವಾರ್ಷಿಕ ವಹಿವಾಟು 20 ಲಕ್ಷ ಯೂರೊ ಮೀರದ ಸೇವಾ ಸಂಸ್ಥೆಗಳಿಗೆ ವಿನಾಯಿತಿಯಿದೆ.

ಸೈಟ್ ಸರಿಯಾದ ಮೇಲೂ ಹಾಳಾಗುವುದು ದಿನನಿತ್ಯದ ಕೆಲಸದಲ್ಲಿ. ಹೊಸ ಸೀರೆಗಳ ಫೋಟೊ ಏರಿಸುವ ಹುಡುಗನಿಗೆ ಆಲ್ಟ್ ಖಾನೆ ಏನೆಂದು ಯಾರೂ ಹೇಳಿರುವುದಿಲ್ಲ. ಬೆಲೆ, ಬಣ್ಣ, ಉದ್ದ ಬರೆಯುವ ಎಕ್ಸೆಲ್ ಹಾಳೆಯಲ್ಲೇ ‘ಚಿತ್ರದ ವಿವರಣೆ’ ಎಂಬ ಕಾಲಂ ಸೇರಿಸಿ, ಅದು ಖಾಲಿಯಿದ್ದರೆ ಫೋಟೊ ಏರಿಸಬಾರದು ಎಂದು ಹೇಳಿಡಿ. ಥೀಮ್ ಅಪ್‌ಡೇಟ್ ಆದಾಗಲೆಲ್ಲ ಕೀಬೋರ್ಡ್‌ನಲ್ಲಿ ಒಂದು ಆರ್ಡರ್ ಮಾಡಿ ನೋಡಿ. ಪ್ರತಿ ಪುಟದ ಕೆಳಗೆ ‘ಈ ಸೈಟ್ ಬಳಸಲು ತೊಂದರೆಯಾದರೆ ತಿಳಿಸಿ’ ಎಂದು ವಾಟ್ಸ್‌ಆ್ಯಪ್ ನಂಬರ್ ಮತ್ತು ಇಮೇಲ್ ವಿಳಾಸ ಹಾಕಿ, ಬಂದ ಸಂದೇಶಕ್ಕೆ ಉತ್ತರಿಸುವ ಹೊಣೆಯನ್ನು ಅಂಗಡಿಯ ಒಬ್ಬರಿಗೆ ಒಪ್ಪಿಸಿ.